ನಮ್ಮನೆಯ ಪೂರ್ವ ದಿಕ್ಕು

ದೇವರು ನನ್ನ ಕೈಗೆ ಅಡುಗೆಯ ಹದ ಕೊಟ್ಟ, ಬಾಯಿಗೆ ನಾಲ್ಕು ಹಾಡು ಕೊಟ್ಟ. ದಿಕ್ಕಿನ ಜ್ಞಾನ ಹಂಚುವಾಗ ಮಾತ್ರ ನಾನು ಬಹುಶಃ ಪ್ರಸಾದದ ಸಾಲಿನಲ್ಲಿದ್ದೆ. ನಮ್ಮ ಯಜಮಾನರೂ ಅದೇ ಪಂಗಡ. ಅವರಿಗೆ ಬಸ್ ಸ್ಟಾಪ್ ಇರುವುದೊಂದು ದಿಕ್ಕು, ಊಟದ ತಟ್ಟೆ ಇರುವುದು ಇನ್ನೊಂದು. ಆದರೂ ಪೂರ್ವದ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಜರಗನಹಳ್ಳಿಯ ಈ ನೆಲಮಹಡಿಯ ಮನೆಗೆ ಬಾಡಿಗೆಗೆ ಬಂದಾಗ ಬಾಗಿಲು ಪೂರ್ವಕ್ಕಿದೆಯಾ ಎಂದು ಓನರ್ ಆಂಟಿಯನ್ನು ಕೇಳಿದ್ದೆ. ಬೆಳಗಿನ ಬಿಸಿಲು ಸೀದಾ ಹೊಸಿಲಿಗೇ ಬೀಳುತ್ತದೆ ಅಂದಿದ್ದರು. ಮಾರನೆಯ ದಿನವೇ ಬಿತ್ತು. ಇನ್ನೇನು ಬೇಕು?

ಮಗಳು ಸುಪ್ರಿಯಾಗೆ ಆಗ ನಾಲ್ಕು ವರ್ಷ, ವಿಪರೀತ ಉಬ್ಬಸ. ಆರೋಗ್ಯವನ್ನು ಸೂರ್ಯನ ಹತ್ತಿರವೇ ಕೇಳಬೇಕು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಔಷಧಿ ಡಾಕ್ಟರದು, ಅರ್ಘ್ಯ ನನ್ನದು ಎಂದು ಹಂಚಿಕೊಂಡೆವು. ದಿನಾ ಎಂಟು ಗಂಟೆಗೆ, ಎದುರಿನ ಅಪಾರ್ಟ್‌ಮೆಂಟಿನ ಐದನೇ ಮಹಡಿಯ ಹತ್ತಿರ ಸೂರ್ಯ ಕಣ್ಣು ಕೋರೈಸಿದೊಡನೆ, ಕಣ್ಣು ಮುಚ್ಚಿ ನೀರು ಬಿಟ್ಟು ಕೈ ಮುಗಿಯುತ್ತಿದ್ದೆ. ಉಬ್ಬಸ ಹೋಯಿತು. ಮಗು ಈಗ ಆರನೇ ಕ್ಲಾಸು, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತದೆ. ನಾನು ಮಾತ್ರ ಅರ್ಘ್ಯ ನಿಲ್ಲಿಸಲಿಲ್ಲ.

ಮೊನ್ನೆ ಇವಳಿಗೆ ಶಾಲೆಯಲ್ಲಿ ಸುತ್ತಮುತ್ತಲಿನ ನಕ್ಷೆ ಬರೆಯಲು ಹೇಳಿದರು. ನಾನು ಹೊಸಿಲಲ್ಲಿ ನಿಂತು, ಎದುರಿಗಿರುವುದು ಪೂರ್ವ ಎಂದು ಕೈ ತೋರಿಸಿದೆ. ಇವಳು ನೂರು ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಅಳತೆ ಹಾಕಿ, ನಾನು ಏದುಸಿರು ಬಿಟ್ಟು ಸೊಪ್ಪು ತರುವ ದಾರಿಯನ್ನು ಹೆಬ್ಬೆರಳಿನಷ್ಟಕ್ಕೆ ತಂದಳು. ಇಡೀ ನನ್ನ ಸಂಸಾರ ಒಂದು ಹಾಳೆಯಲ್ಲಿ ಕೂತಿದ್ದು ನೋಡಿ ಮೈ ಜುಮ್ಮೆಂದಿತು. ಆದರೆ ನಕ್ಷೆ ವಾಪಸ್ಸು ಬಂತು. ನಮ್ಮ ಉತ್ತರಕ್ಕಿರುವ ಬನಶಂಕರಿ ಅದರಲ್ಲಿ ದಕ್ಷಿಣಕ್ಕೆ ಹೋಗಿತ್ತಂತೆ. ಬೆಳಿಗ್ಗೆ ಒಂದು ಕೋಲು ನೆಟ್ಟು ನೆರಳು ನೋಡು ಎಂದು ಮಿಸ್ ಹೇಳಿ ಕಳಿಸಿದ್ದರು.

ಏಳು ಗಂಟೆಗೆ ಟೆರೇಸಿನ ಕರಿಬೇವಿನ ಕುಂಡದಲ್ಲಿ ಪೊರಕೆ ಕಡ್ಡಿ ನೆಟ್ಟೆವು. ನಾನು ಅಲ್ಲಿಗೆ ಹತ್ತುವುದು ಮಧ್ಯಾಹ್ನ ಬಟ್ಟೆ ಒಣಗಿಸಲು. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಯಾವ ದಿಕ್ಕನ್ನೂ ಹೇಳುವುದಿಲ್ಲ. ಈಗ ಅವನು ನಮ್ಮ ಹಿತ್ತಲ ಕಡೆಯಿಂದ ಏಳುತ್ತಿದ್ದ. ಕಡ್ಡಿಯ ನೆರಳು ಸೀದಾ ನಮ್ಮ ಗೇಟಿನತ್ತ ಬಿದ್ದಿತ್ತು. ಕಡ್ಡಿ ಸೊಟ್ಟಗಿದೆಯೇನೋ ಎಂದು ಬೇರೆ ಕಡ್ಡಿ ನೆಡಿಸಿದೆ. ಅದರ ನೆರಳೂ ಅಲ್ಲಿಗೇ.

"ನಮ್ಮ ಬಾಗಿಲು ವೆಸ್ಟ್ ಕಣಮ್ಮ," ಅಂದಳು. "ನೋಡು, ಬಿಸಿಲು ಎದುರಿನ ಆ ಬಾಲ್ಕನಿ ಗಾಜಿಗೆ ಹೊಡೆದು ನಮ್ಮನೆಗೆ ಬರೋದು."

"ಹಾಗಾದ್ರೆ ಇಷ್ಟು ವರ್ಷ ನಿನಗೋಸ್ಕರ ನಾನು ನೀರು ಬಿಟ್ಟಿದ್ದು ಯಾರಿಗೇ?"

"ಫಿಫ್ತ್ ಫ್ಲೋರಿಗೆ," ಎಂದು ನಕ್ಕವಳು ನನ್ನ ಮುಖ ನೋಡಿ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಅಂದಳು: "ಬೆಳಕು ಸೂರ್ಯಂದೇ ಅಲ್ವಾಮ್ಮ. ತಿರುಗಿಕೊಂಡು ಬಂತು, ಅಷ್ಟೆ."

ಅಲ್ಲೇ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಲೆಕ್ಕಕ್ಕೆ ಸಿಗದಷ್ಟು ದೂರದಿಂದ ಹೊರಟ ಬೆಳಕು. ಅದಕ್ಕೆ ಬೆನ್ನು ಹಾಕಿಕೊಂಡು ನಿಂತಿದ್ದಾಳೆ ಒಬ್ಬಳು ದಡ್ಡಿ. ಅವಳ ಮೇಲೆ ಕೋಪಿಸಿಕೊಳ್ಳದೆ, ತಲೆಯ ಮೇಲಿಂದ ದಾಟಿ ಹೋಗಿ, ಗಾಜಿಗೆ ತಾಗಿ, ಮತ್ತೆ ಅವಳ ಮುಖಕ್ಕೇ ಬಂದು ನಿಂತಿದೆ. ಒಂದು ದಿನವಲ್ಲ, ದಿನದಿನವೂ. ಇದಕ್ಕಿಂತ ಕರುಣೆ ಇನ್ನೇನಿದ್ದೀತು?

ಈಗ ಬೆಳಿಗ್ಗೆ ಟೆರೇಸಿನಲ್ಲಿ ಸರಿಯಾದ ಪೂರ್ವಕ್ಕೆ ಅರ್ಘ್ಯ. ಎಂಟಕ್ಕೆ ಹೊಸಿಲಲ್ಲಿ ಆ ಕಡೆಗೂ ಒಂದು ನಮಸ್ಕಾರ. ಅದು ಪಶ್ಚಿಮ ಅಂತ ಗೊತ್ತಾಯಿತಲ್ಲೇ ಎಂದು ಇವರು ಕೇಳಿದ್ದಕ್ಕೆ, ಉಪಕಾರ ಮರೆಯಬಾರದು ರೀ ಅಂದೆ.

ನಿನ್ನೆ ತರಕಾರಿ ಗಾಡಿಯ ಹತ್ತಿರ ಐದನೇ ಮಹಡಿಯ ಹೆಂಗಸು ಸಿಕ್ಕಿದರು. "ದಿನಾ ನನಗೆ ಕೈ ಮುಗೀತೀರಲ್ಲ, ವಯಸ್ಸಲ್ಲಿ ದೊಡ್ಡೋರು, ನಂಗೆ ಸಂಕೋಚ ಆಗುತ್ತೆ ಆಂಟಿ," ಅಂದರು. ನಿಜ ಹೇಳಲು ಬಾಯಿ ಬರಲಿಲ್ಲ. ಸಂಕೋಚ ಬೇಡಮ್ಮ ಎಂದು ಅವರ ಕೈ ಹಿಡಿದುಕೊಂಡೆ.

"ಬಾಲ್ಕನಿ ಗಾಜು ಮಾತ್ರ ಒರೆಸ್ತಾ ಇರಿ."