ಕಚೇರಿಗೆ ಸಲ್ಲಬೇಕಾದ ಹಿಪ್ಪೆ

ಬೀದಿದೀಪ ನಿರ್ವಹಣಾ ಕಚೇರಿಯ ನೌಕರರೆಲ್ಲರೂ ಸಂಪೂರ್ಣ ಆರೋಗ್ಯವಾಗಿದ್ದಾರೆ. ಈ ಸಂಗತಿಯನ್ನು ನನಗೆ ಮೊದಲು ತಿಳಿಸಿದವಳು ನನ್ನ ನಾದಿನಿ. ತಿಳಿಸುವಾಗ ಅವಳು ಆಸ್ಪತ್ರೆಯ ಮಂಚದ ಮೇಲೆ ಸೊಂಟ ಹಿಡಿದುಕೊಂಡು ಮುದುರಿ ಮಲಗಿದ್ದಳು.

ಅವಳು ಅದೇ ಕಚೇರಿಯಲ್ಲಿ ದೂರು ಗುಮಾಸ್ತೆ. ನಮ್ಮ ಬೀದಿಯಲ್ಲಿ ದೀಪ ಉರಿಯುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ "ಬರೆದುಕೊಂಡಿದ್ದೇವೆ" ಎನ್ನುವುದು ಅವಳ ಕೆಲಸ. ಬರೆದುಕೊಳ್ಳುವುದು ಬೇರೆ ವಿಭಾಗದ ಕೆಲಸ. ಆ ವಿಭಾಗ ಇನ್ನೂ ಮಂಜೂರಾಗಿಲ್ಲ.

"ನಾನು ಆರೋಗ್ಯವಾಗಿದ್ದೀನಂತೆ ಅತ್ತಿಗೆ," ಎಂದಳು, ಹಲ್ಲು ಕಚ್ಚಿಕೊಂಡು. "ಅದಕ್ಕೇ ಆಪರೇಷನ್‌ಗೆ ರಜೆ ಕೊಡಲ್ವಂತೆ."

ಇದು ಅರ್ಥವಾಗಬೇಕಾದರೆ ಸಾಹೇಬರ ಅಂಗೈಯಿಂದ ಶುರು ಮಾಡಬೇಕು.

ಹೋದ ವರ್ಷ ಆ ಕಚೇರಿಗೆ ಹೊಸ ಸಾಹೇಬರು ಬಂದರು. ಬರುವಾಗಲೇ ಅವರ ಅಂಗೈ ಹಳದಿಯಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಕ್ಯಾರೆಟ್ ರಸವನ್ನು ಚೊಂಬುಗಟ್ಟಲೆ ಕುಡಿಯುವುದು ಅವರ ಅಭ್ಯಾಸ. ಆ ಹಳದಿಯನ್ನು ಸಾಹೇಬರು ಕಾಂತಿ ಎಂದರು, ಜವಾನ ಕಾಮಾಲೆ ಎಂದ. ಜವಾನನನ್ನು ಊರಾಚೆಯ ಕಂಬಗಳು ಬಿದ್ದಿವೆಯೋ ನಿಂತಿವೆಯೋ ನೋಡುವ ಕೆಲಸಕ್ಕೆ ಹಾಕಿದ ಮೇಲೆ ಎಲ್ಲರಿಗೂ ಕಾಂತಿಯೇ ಕಾಣತೊಡಗಿತು.

ಸ್ವಲ್ಪ ದಿನಕ್ಕೇ ಸುತ್ತೋಲೆ ಹೊರಬಿತ್ತು. "ನೌಕರರ ಆರೋಗ್ಯವು ಕಚೇರಿಯ ಆಸ್ತಿಯಾಗಿರುವುದರಿಂದ, ಪ್ರತಿಯೊಬ್ಬ ನೌಕರರೂ ಪ್ರತಿದಿನ ಬೆಳಿಗ್ಗೆ ಸ್ವಂತ ಮನೆಯಲ್ಲಿ, ಸ್ವಂತ ಕೈಯಿಂದ, ಹಣ್ಣು ಅಥವಾ ತರಕಾರಿಯ ರಸ ತೆಗೆದು, ಸಕ್ಕರೆ ಬೆರೆಸದೆ, ಮುಖ ಸಿಂಡರಿಸದೆ ಕುಡಿಯತಕ್ಕದ್ದು." ರಸ ತೆಗೆಯುವ ಯಂತ್ರವನ್ನು ಯಾವ ಅಂಗಡಿಯಿಂದ ಬೇಕಾದರೂ ಕೊಳ್ಳುವ ಸ್ವಾತಂತ್ರ್ಯ ನೌಕರರಿಗಿತ್ತು. ಆದರೆ ಸಾಹೇಬರ ಭಾವಮೈದನ ಅಂಗಡಿಯ ಯಂತ್ರದಿಂದ ಬಂದದ್ದನ್ನು ಮಾತ್ರ ರಸವೆಂದು ಪರಿಗಣಿಸಲಾಗುವುದು, ಮಿಕ್ಕದ್ದು ಪಾನೀಯ.

ಎಲ್ಲರೂ ಯಂತ್ರ ಕೊಂಡರು. ಕುಡಿದರೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಇದಕ್ಕಾಗಿ ಸಭೆ ಸೇರಿತು. ಬಾಗಿಲಲ್ಲಿ ಒಬ್ಬೊಬ್ಬರ ಬಾಯಿ ಮೂಸುವುದು ಎಂದು ಒಬ್ಬರು ಸೂಚಿಸಿದರು. ಮೂಸುವವರು ಯಾರು ಎಂದಾಗ ಸಭೆ ಚಾವಣಿ ನೋಡಿತು. ಕೊನೆಗೆ ಎದ್ದು ನಿಂತವರು ಸೂಪರಿಂಟೆಂಡೆಂಟರು. ಯಾವ ನಿಯಮವನ್ನೂ ಎರಡು ಕಡೆಯಿಂದ ಓದಬಲ್ಲ ಮನುಷ್ಯ.

"ಸಾರ್, ರಸ ಹೊಟ್ಟೆಗೆ ಹೋಗಿಬಿಡುತ್ತೆ. ಹೊಟ್ಟೆ ನಮ್ಮ ಕಚೇರಿ ವ್ಯಾಪ್ತಿಗೆ ಬರಲ್ಲ. ಆದ್ರೆ ಹಿಪ್ಪೆ ಆಚೆ ಉಳಿಯುತ್ತಲ್ಲ?"

"ಉಳಿದ್ರೆ?"

"ತಂದು ತೋರಿಸ್ಲಿ. ಹಿಪ್ಪೆ ಇದೆ ಅಂದ್ರೆ ರಸ ಬಂದಿದೆ. ರಸ ಬಂದಿದೆ ಅಂದ್ರೆ ಕುಡಿದಿದಾರೆ. ಕುಡಿದಿದಾರೆ ಅಂದ್ರೆ ಆರೋಗ್ಯವಾಗಿದಾರೆ."

ಸಾಹೇಬರು ಮೇಜು ಕುಟ್ಟಿ ಒಪ್ಪಿದರು. ನನ್ನ ನಾದಿನಿಯ ಪಕ್ಕದ ಕಿಟಕಿಗೆ "ಹಿಪ್ಪೆ ಸ್ವೀಕಾರ" ಎಂಬ ಫಲಕ ಬಂತು. ಕಂಬ ಹತ್ತುತ್ತಿದ್ದ ಲೈನ್‌ಮನ್‌ನ ಹಿಡಿತ ಗಟ್ಟಿ ಎಂದು ಅವನನ್ನು ಕೆಳಗಿಳಿಸಿ ಅಲ್ಲಿ ಕೂರಿಸಿದರು. ನೌಕರರು ಡಬ್ಬಿಯಲ್ಲಿ ತಂದ ಹಿಪ್ಪೆಯನ್ನು ಅವನು ಮುಷ್ಟಿಯಲ್ಲಿ ಹಿಂಡುವನು. ಒಂದು ತೊಟ್ಟು ಬಿದ್ದರೂ "ರಸ ಬಾಕಿ ಇದೆ, ಕುಡ್ಕೊಂಡ್ ಬನ್ನಿ" ಎಂದು ವಾಪಸ್ಸು. ಒಣಗಿದ್ದಷ್ಟೂ ದರ್ಜೆ ಮೇಲು. ಕಂಬದ ಕೆಲಸ ನಿಂತಿತು. ಕತ್ತಲಾದ ಬೀದಿಗಳಿಂದ ಫೋನ್ ಬಂದಾಗ ನಾದಿನಿ ಎಂದಿನಂತೆ "ಬರೆದುಕೊಂಡಿದ್ದೇವೆ" ಎನ್ನುತ್ತಿದ್ದಳು.

ಜನ ದಡ್ಡರಲ್ಲ. ಹಿಪ್ಪೆಯನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ರುಬ್ಬುಗಲ್ಲು ಹೇರಿದರು, ತಾರಸಿಯಲ್ಲಿ ಒಣಗಿಸಿದರು, ಒಬ್ಬಾಕೆ ಇಸ್ತ್ರಿಪೆಟ್ಟಿಗೆಯನ್ನೇ ಒತ್ತಿದಳು. ರಸ ಯಾರಿಗೂ ಬೇಕಿರಲಿಲ್ಲ, ಅದು ಸಿಂಕಿನಲ್ಲಿ ಇಳಿದುಹೋಗುತ್ತಿತ್ತು. ಆಮೇಲೆ ಅಷ್ಟು ಕಷ್ಟವೂ ಯಾಕೆನ್ನಿಸಿ ಎಲ್ಲರೂ ಕಚೇರಿ ತಿರುವಿನ ಜ್ಯೂಸ್ ಅಂಗಡಿಗೆ ನಡೆದರು. ನಾನೇ ಒಂದು ದಿನ ಬಿಸಿಲಲ್ಲಿ ಬಾಯಾರಿ ಅಲ್ಲಿ ನಿಂತಿದ್ದೆ.

"ಹಿಪ್ಪೆ ಖಾಲಿ ಅಕ್ಕ," ಎಂದ ಅಂಗಡಿಯವ, ನಾನು ಬಾಯಿ ತೆರೆಯುವ ಮುಂಚೆಯೇ.

"ನಂಗೆ ಹಿಪ್ಪೆ ಯಾಕಪ್ಪ? ಒಂದು ಮೋಸಂಬಿ ಜ್ಯೂಸ್ ಕೊಡು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಜ್ಯೂಸಾ? ಅಗೋ ಬಕೆಟ್ಟಲ್ಲಿದೆ. ದುಡ್ಡೇನೂ ಬೇಡ, ಹೆಂಗಿದ್ರೂ ಚೆಲ್ಲೋದೇ."

ಸಾಹೇಬರ ಕೈಕೆಳಗಿನವರಲ್ಲಿ ನಿಜವಾಗಿ ರಸ ಕುಡಿದವಳು ಒಬ್ಬಳೇ. ಅವಳು ನಮ್ಮ ಮನೆಯವಳು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಾಗಬೇಕಿತ್ತು.

"ಹಿಪ್ಪೆ ಕೊಟ್ಟು ಸೀಲ್ ಹಾಕಿಸ್ಕೊಂಡ್ಮೇಲೆ ಕುಡೀಲೇಬೇಕಲ್ವಾ ಅತ್ತಿಗೆ?" ಎಂದು ಅವಳ ವಾದ. ನಸುಕಿನಲ್ಲೇ ಅವರ ಅಡುಗೆಮನೆಯಲ್ಲಿ ಯಂತ್ರ ಕಿರುಚುತ್ತಿತ್ತು. ಹಿಪ್ಪೆ ಒಣಗಿರಬೇಕೆಂದು ಪಾಲಕ್ ಸೊಪ್ಪು, ಬಣ್ಣ ಇರಬೇಕೆಂದು ಬೀಟ್‌ರೂಟ್. ಕಂದುಗೆಂಪು ದ್ರವವನ್ನು ಅವಳು ಕಣ್ಣು ಮುಚ್ಚಿ, ಮುಖ ಸಿಂಡರಿಸದೆ ಕುಡಿಯುವಳು. ಹೊಟ್ಟೆ ಅದರಿಂದಲೇ ತುಂಬಿ ನೀರು ಕುಡಿಯುವುದು ಬಿಟ್ಟಳು. ಕಾರ್ಖಾನೆ ಮುಚ್ಚಿ ಮನೆಯಲ್ಲೇ ಇದ್ದ ಅವಳ ಗಂಡ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಯಂತ್ರದ ಜಾಲರಿ ಉಜ್ಜುವನು. ಸಂಸಾರ ಅವಳ ಸಂಬಳದ ಮೇಲೇ ನಿಂತಿದ್ದರಿಂದ ಅವನು ಗೊಣಗುವುದನ್ನೂ ಬ್ರಶ್ಶಿನ ಸದ್ದಿನಲ್ಲೇ ಮುಗಿಸುತ್ತಿದ್ದ.

ಹೀಗೆ ತಿಂಗಳುಗಳು ಕಳೆದ ಮೇಲೆ ಅವಳಿಗೆ ಸೊಂಟದ ಬಳಿ ನೋವು ಹಿಡಿಯಿತು. ಡಾಕ್ಟರು ಚಿತ್ರ ತೆಗೆಸಿ ನೋಡಿದರು.

"ಕಿಡ್ನೀಲಿ ಕಲ್ಲಮ್ಮ. ಏನು ತಿಂತೀರಿ ದಿನಾ?"

ಅವಳು ಹೇಳಿದಳು.

"ದಿನಾನಾ? ಪಾಲಕ್ಕು, ಬೀಟ್‌ರೂಟು, ಎರಡೂ ಹಸೀದು, ನೀರೂ ಕುಡೀದೆ? ಯಾರಮ್ಮ ನಿಮಗೆ ಹೇಳಿದ್ದು?"

"ಕಚೇರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕಲ್ಲು ದಾರಿಗೆ ಅಡ್ಡ ಕೂತಿದೆ, ಕಿಡ್ನಿ ಊದಿಕೊಂಡಿದೆ, ಬೇಗ ತೆಗೆಯದಿದ್ದರೆ ಆ ಕಿಡ್ನಿ ಉಳಿಯುವುದಿಲ್ಲ ಎಂದರು. ನೋವಿಗೆ ಸೂಜಿ ಚುಚ್ಚಿ, ರಜೆ ಹಾಕಿ ಬನ್ನಿ ಎಂದು ಕಳಿಸಿದರು.

ರಜೆಯ ಅರ್ಜಿ ಅದೇ ದಿನ ತಿರಸ್ಕೃತವಾಗಿ ಹಿಂದಿರುಗಿತು. ಕಚೇರಿಯ ಇತಿಹಾಸದಲ್ಲಿ ಅಷ್ಟು ಬೇಗ ವಿಲೇವಾರಿಯಾದ ಕಡತ ಇನ್ನೊಂದಿಲ್ಲ. "ಹಿಪ್ಪೆ ಸಲ್ಲಿಸುವ ನೌಕರರು ಅಸ್ವಸ್ಥರಾಗತಕ್ಕದ್ದಲ್ಲ. ಆರೋಗ್ಯವಂತ ನೌಕರರು ಅನಾರೋಗ್ಯದ ನೆಪದಲ್ಲಿ ಗೈರುಹಾಜರಾದಲ್ಲಿ ಸೇವೆಯಿಂದ ತೆಗೆಯಲಾಗುವುದು." ಮುಖ್ಯ ಕಚೇರಿಯವರು ಆ ವರ್ಷ "ರೋಗರಹಿತ ಕಚೇರಿ" ಎಂಬ ಬಿರುದು ಕೊಡುವವರಿದ್ದರು. ಬಿರುದಿನ ಜೊತೆ ಸಾಹೇಬರಿಗೆ, ಅವರ ಹೆಂಡತಿಗೆ, ಮತ್ತು ತಾಂತ್ರಿಕ ಸಲಹೆಗಾರನ ಹೆಸರಿನಲ್ಲಿ ಭಾವಮೈದನಿಗೆ ವಿದೇಶ ಪ್ರವಾಸವಿತ್ತು. ಈ ಹೊತ್ತಿನಲ್ಲಿ ಒಂದು ಕಿಡ್ನಿಗಾಗಿ ಮೂರು ಜನರ ಪ್ರವಾಸ ಕೆಡಿಸುವುದು ನ್ಯಾಯವೇ?

ಸಹೋದ್ಯೋಗಿಗಳು ಒಳ್ಳೆಯವರು, ಊಟದ ಹೊತ್ತಿನಲ್ಲಿ ಅವಳನ್ನು ಸುತ್ತುವರಿದು ಬುದ್ಧಿ ಹೇಳಿದರು.

"ನಿಂಗೆ ಬುದ್ಧಿ ಇದೆಯೇನೇ? ಕುಡೀತೀನಿ ಅಂತ ಅರ್ಜೀಲಿ ಯಾಕೆ ಬರ್ದೆ? ಹಿಪ್ಪೆ ಅಂಗಡೀಲಿ ತಗೊಳ್ತಿದ್ದೆ ಅನ್ನು. ಆಗ ನಿಂಗೆ ಕಾಯಿಲೆ ಬರಬಹುದು."

"ಆದ್ರೆ ನಾನು ತಗೊಂಡಿಲ್ವಲ್ಲ!"

"ಅದು ನಿನ್ನ ತಪ್ಪು. ಒಂದು ಬಡ್ತಿ ಹೋಗುತ್ತೆ, ಹೋಗ್ಲಿ ಬಿಡು. ಕಿಡ್ನಿ ಉಳಿಯುತ್ತೆ."

ಮಾಡದ ಮೋಸವನ್ನು ಒಪ್ಪಿಕೊಳ್ಳಲು ಅವಳು ಸಾಹೇಬರ ಕೊಠಡಿಗೆ ಹೋದಳು. ಸಾಹೇಬರು ನ್ಯಾಯವಂತರು, ಸಾಕ್ಷಿಯಿಲ್ಲದೆ ಯಾರನ್ನೂ ಮೋಸಗಾರರೆನ್ನುವವರಲ್ಲ. ಜ್ಯೂಸ್ ಅಂಗಡಿಯವನಿಗೆ ಹೇಳಿ ಕಳಿಸಿದರು. ಅವನು ಮೊಣಕೈವರೆಗೆ ಅಂಟಿದ ರಸವನ್ನು ಒರೆಸಿಕೊಳ್ಳುತ್ತ ಬಂದು ನಿಂತ.

"ಈಕೆ ನಿನ್ನ ಹತ್ರ ಹಿಪ್ಪೆ ತಗೊಂಡಿದಾರಾ?"

"ಈ ಅಕ್ಕನಾ? ಅಯ್ಯೋ, ಒಂದು ದಿನಾನೂ ಇಲ್ಲ ಸಾರ್. ಸುಳ್ಳು ಯಾಕೆ ಹೇಳ್ಲಿ. ಇವರನ್ನ ಬಿಟ್ಟು ಮಿಕ್ಕವರೆಲ್ಲ ನಮ್ಮ ಖಾಯಂ ಗಿರಾಕಿಗಳು. ನಿಮ್ಮ ಮನೇದೂ ಡ್ರೈವರ್ ಬಂದು ತಗೊಂಡ್ ಹೋಗ್ತಾರೆ."

ಸಾಹೇಬರು ಗಂಟಲು ಸರಿಮಾಡಿಕೊಂಡು ತೀರ್ಪಿತ್ತರು: ಸಾಕ್ಷಿಯ ಮೊದಲ ವಾಕ್ಯವನ್ನು ಅಂಗೀಕರಿಸಲಾಗಿದೆ. ಉಳಿದ ವಾಕ್ಯಗಳು ಪ್ರಕರಣಕ್ಕೆ ಸಂಬಂಧಿಸಿದವಲ್ಲ. ಸದರಿ ಗುಮಾಸ್ತೆಯು ಪ್ರಾಮಾಣಿಕವಾಗಿ ರಸ ಕುಡಿದಿರುವುದು ಸಾಬೀತಾಗಿರುವುದರಿಂದ ಆಕೆ ಆರೋಗ್ಯವಾಗಿದ್ದಾಳೆ.

ಆ ಸಂಜೆ ಅವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಅಲ್ಲಿ ಮಂಚದ ಮೇಲೆ ಮಲಗಿ ಅವಳು ನನಗೆ ಇಷ್ಟನ್ನೂ ಹೇಳಿದಳು. ಅವಳ ಗಂಡ ಕಾಲ ಬಳಿ ಕೂತಿದ್ದ. "ಕೆಲ್ಸ ಹೋದ್ರೆ ಹೋಗ್ಲಿ ಬಿಡು," ಎಂದ. ಕೆಲಸ ಹೋದರೆ ಏನೇನು ಹೋಗುತ್ತದೆಂದು ಮೂವರಿಗೂ ಗೊತ್ತಿತ್ತು.

ಮರುದಿನ ನಾನೇ ಕಚೇರಿಗೆ ಹೋದೆ. ಡಾಕ್ಟರು ತೆಗೆಸಿದ ಚಿತ್ರವನ್ನು ಸಾಹೇಬರ ಮೇಜಿನ ಮೇಲೆ ಹರಡಿ, ಬೆಳ್ಳಗೆ ಕಾಣುತ್ತಿದ್ದ ಚುಕ್ಕೆಯ ಮೇಲೆ ಬೆರಳಿಟ್ಟೆ.

"ಇದು ಏನು ಅಂತ ನೀವೇ ಹೇಳಿ."

"ನೋಡಿಮ್ಮ, ಇದನ್ನ ಕಲ್ಲು ಅಂತ ನಾನು ಒಪ್ಪೋಕಾಗಲ್ಲ," ಎಂದರು ಸಾಹೇಬರು. ಬೆವರಿದ ಹಳದಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ರಸ ಕುಡಿದವರಿಗೆ ಕಲ್ಲು ಬರಲ್ಲ."

"ಹಾಗಾದ್ರೆ ಇದಕ್ಕೆ ಏನನ್ನಬೇಕು? ರಸ ಕುಡಿದಳು, ಇದು ಉಳೀತು. ಅಷ್ಟೇ ನಂಗೆ ಗೊತ್ತಿರೋದು."

ಬಾಗಿಲ ಬಳಿ ನಿಂತಿದ್ದ ಸೂಪರಿಂಟೆಂಡೆಂಟರು ಚಿತ್ರವನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ, ನನ್ನಾಣೆ, ಭಕ್ತಿ ಕಂಡಿತು.

"ಸಾರ್, ಈಯಮ್ಮ ಹೇಳಿದ್ದು ಸರಿಯಾಗಿದೆ. ನಮ್ಮ ಸುತ್ತೋಲೇಲಿ ಹಿಪ್ಪೆ ಅಂದ್ರೆ ಏನು ಅಂತ ವಿವರಣೆ ಕೊಟ್ಟಿದೀವಿ. 'ರಸ ಸೇವನೆಯ ತರುವಾಯ ಉಳಿಯುವ ಯಾವುದೇ ಘನವಸ್ತು.' ಎಲ್ಲಿ ಉಳೀಬೇಕು ಅಂತ ನಾವು ಹೇಳಿಲ್ಲ. ಯಂತ್ರದಲ್ಲೂ ಉಳೀಬಹುದು, ಇನ್ನೆಲ್ಲಾದ್ರೂ ಉಳೀಬಹುದು."

"ಅಂದ್ರೆ ಇದು..."

"ಹಿಪ್ಪೆ ಸಾರ್. ಸಲ್ಲಿಸದೆ ಒಳಗೇ ಇಟ್ಕೊಂಡಿರೋ ಹಿಪ್ಪೆ."

ಸಾಹೇಬರ ಮುಖ ಅರಳಿತು, ಕೂಡಲೇ ಗಂಭೀರವಾಯಿತು. ನಾದಿನಿಗೆ ನೋಟೀಸು ಹೋಯಿತು: ಕಚೇರಿಗೆ ಸಲ್ಲಬೇಕಾದ ಹಿಪ್ಪೆಯನ್ನು ತಾವು ಅಕ್ರಮವಾಗಿ ಶರೀರದಲ್ಲಿ ದಾಸ್ತಾನು ಮಾಡಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಹಿಪ್ಪೆಯನ್ನು ಕೂಡಲೇ ಹೊರತೆಗೆಸಿ ಕಿಟಕಿಯಲ್ಲಿ ಸಲ್ಲಿಸತಕ್ಕದ್ದು. ಈ ಬಗ್ಗೆ ಆಸ್ಪತ್ರೆಯಲ್ಲಿ ಕಳೆಯುವ ಅವಧಿ ಮತ್ತು ಆ ನಂತರದ ವಿಶ್ರಾಂತಿಯನ್ನು ಹಿಪ್ಪೆ ಸಲ್ಲಿಕಾ ರಜೆ ಎಂದು ಪರಿಗಣಿಸಲಾಗುವುದು.

ನೋಟೀಸು ಓದಿ ನಾದಿನಿ ನಕ್ಕಳು, ನಕ್ಕದ್ದಕ್ಕೆ ನೋವಾಗಿ ಅತ್ತಳು. "ಕಳ್ಳತನ ಮಾಡಿದೀನಿ ಅಂತಾದ್ರೂ ಆಯ್ತಲ್ಲ ಅತ್ತಿಗೆ," ಎಂದಳು.

ಡಾಕ್ಟರು ಕಲ್ಲು ತೆಗೆದರು. ಕಿಡ್ನಿ ಉಳಿಯಿತು. ಪ್ರಮಾಣಪತ್ರದಲ್ಲಿ "ಹಿಪ್ಪೆ ಹೊರತೆಗೆಯಲಾಗಿದೆ" ಎಂದು ಬರೆಯಬೇಕೆಂದು ನಾನು ಸಂಕೋಚದಿಂದ ಕೇಳಿದೆ. ಅವರು ತಲೆಯೆತ್ತದೆ ಬರೆದುಕೊಟ್ಟರು.

"ನಿಮಗೆ ವಿಚಿತ್ರ ಅನ್ನಿಸಲ್ವಾ ಡಾಕ್ಟ್ರೇ?"

"ಏನಮ್ಮ ವಿಚಿತ್ರ? ನಮ್ಮ ಆಸ್ಪತ್ರೇಲೂ ಈ ಸೋಮವಾರದಿಂದ ಶುರು. ಆ ತಿರುವಿನ ಅಂಗಡೀಲಿ ಬೆಳಿಗ್ಗೆ ಎಷ್ಟೊತ್ತಿಗೆ ಹೋದ್ರೆ ಒಣಗಿದ್ದು ಸಿಗುತ್ತೆ?"

ಪುಟ್ಟ ಪ್ಲಾಸ್ಟಿಕ್ ಸೀಸೆಯಲ್ಲಿ ಕಲ್ಲನ್ನು ನಾನೇ ಕೊಂಡೊಯ್ದು ಕಿಟಕಿಯಲ್ಲಿಟ್ಟೆ. ಲೈನ್‌ಮನ್ ಅದನ್ನು ಮುಷ್ಟಿಯಲ್ಲಿಟ್ಟು ಹಿಂಡಿದ. ಕುತ್ತಿಗೆಯ ನರ ಉಬ್ಬುವವರೆಗೆ ಹಿಂಡಿದ. ಒಂದು ತೊಟ್ಟೂ ಬೀಳಲಿಲ್ಲ. ಅವನು ಎದ್ದು ನಿಂತ. ಇಡೀ ಕಚೇರಿ ಎದ್ದು ನಿಂತಿತು. ಇಷ್ಟು ಒಣಗಿದ ಹಿಪ್ಪೆ ಈವರೆಗೆ ಸಲ್ಲಿಕೆಯಾಗಿಲ್ಲವೆಂದು ಘೋಷಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಸಾಹೇಬರ ಕೊಠಡಿಯ ಹೊರಗೆ ಪ್ರದರ್ಶನಕ್ಕಿಟ್ಟರು. ಇಸ್ತ್ರಿಪೆಟ್ಟಿಗೆಯ ಸಹೋದ್ಯೋಗಿ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಾ, ಇಷ್ಟು ಚೆನ್ನಾಗಿರೋದು ಹೊರಗೆ ಬರ್ಬೇಕು ಅಂದ್ರೆ ಅವಳು ಎಷ್ಟು ದಿನ ಒಳಗಿಟ್ಕೊಂಡಿದ್ಲು?" ಎಂದು ಅಸೂಯೆಯಿಂದ ಕೇಳಿದಳು. ಬಿರುದು ಬಂತು. ಸಾಹೇಬರು, ಹೆಂಡತಿ, ಭಾವಮೈದ ಮೂವರೂ ವಿದೇಶಕ್ಕೆ ಹೊರಟರು.

ನಾದಿನಿ ಮನೆಯಲ್ಲಿ ನೀರು ಕುಡಿಯುತ್ತ ಮಲಗಿದ್ದಾಳೆ. ಮತ್ತೆ ಕೆಲಸಕ್ಕೆ ಹೋಗುವ ದಿನದಿಂದ ಬೇಕಾಗುವ ಹಿಪ್ಪೆಗೆ ಅವಳ ಗಂಡ ಈಗಾಗಲೇ ಅಂಗಡಿಯಲ್ಲಿ ಹೇಳಿಟ್ಟು ಬಂದಿದ್ದಾನೆ.

ಇಷ್ಟನ್ನು ಕೇಳಿದವರು ಇನ್ನೊಬ್ಬರಿಗೆ ಹೇಳಿ, ನಾಲ್ಕು ಜನಕ್ಕೆ ತಿಳಿಯಲಿ. ಹೇಳುವಾಗ ಮಾತ್ರ ನನ್ನಂತೆ ಬಾಯಿತಪ್ಪಿ ಅದನ್ನು ಕಲ್ಲು ಅನ್ನಬೇಡಿ, ಹಿಪ್ಪೆ ಅನ್ನಿ. ಅವಳ ರಜೆ ಇನ್ನೂ ಮುಗಿದಿಲ್ಲ.