ಟರ್ಕಿ ಹೋಟೆಲಿನಲ್ಲಿ ಮಾವನ ಉಪಚಾರ

ನಮ್ಮ ಸೋದರಮಾವ ಇದುವರೆಗೆ ಯಾರ ಮೇಲೂ ಕೈ ಎತ್ತಿದವರಲ್ಲ, ಯಾರಿಗೂ ಕೆಟ್ಟ ಮಾತಾಡಿದವರಲ್ಲ. ಆದರೂ ಮದುವೆ ಮನೆಯಲ್ಲಿ ಊಟದ ಪಂಕ್ತಿಯ ಆ ತುದಿಗೆ ಅವರು ಕಾಣಿಸಿಕೊಂಡರೆ ಸಾಕು, ಈ ತುದಿಯಲ್ಲಿ ಕೂತಿರುವ ಗಟ್ಟಿಮುಟ್ಟಾದ ಗಂಡಸರು ಅವಸರವಸರವಾಗಿ ಎಲೆ ಮಡಚಿ ಕೈ ತೊಳೆಯಲು ಓಡುತ್ತಾರೆ! ಅಷ್ಟು ಭಯಂಕರ ಮನುಷ್ಯರೇ? ಅಲ್ಲವೇ ಅಲ್ಲ. ಅವರಿಗಿರುವುದು ಒಂದೇ ಒಂದು ಚಟ. ಅದರ ಹೆಸರು ಉಪಚಾರ.

ಉಪಚಾರ ಅಂದರೆ "ನಿಧಾನವಾಗಿ ಊಟ ಮಾಡಿ" ಎಂದು ಕೈ ಮುಗಿದು ನಗುನಗುತ್ತಾ ಮುಂದಕ್ಕೆ ಹೋಗುವುದು ಎಂದು ನೀವು ತಿಳಿದಿರಬಹುದು. ಮಾವನದು ಆ ಜಾತಿಯದಲ್ಲ. ಅವರ ಪ್ರಕಾರ "ಬೇಡ" ಅಂದರೆ "ಬೇಕು, ಆದರೆ ನಾಚಿಕೆ". "ಸಾಕು" ಅಂದರೆ "ಹಾಕಿ, ಯಾಕೆ ತಡ ಮಾಡ್ತೀರಿ". ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ "ಬೆರಳಿನ ಸಂದಿಯಲ್ಲಿ ಸುರಿಯಿರಿ". ಒಮ್ಮೆ ನಮ್ಮ ಮನೆಯ ಬೀಗರೂಟಕ್ಕೆ ಪೀಣ್ಯದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಸೂಪರ್‌ವೈಸರ್ ಬಂದಿದ್ದರು. ಸಕ್ಕರೆ ಕಾಯಿಲೆಯವರು, ಊಟದಲ್ಲಿ ಬಹಳ ಕಟ್ಟುನಿಟ್ಟು. "ಸಾರ್, ಡಾಕ್ಟರು ಬೇಡ ಅಂದಿದ್ದಾರೆ" ಎಂದು ಅಂಗಲಾಚಿದರು. ಮಾವ ಅವರ ಎಲೆಗೆ ಇನ್ನೊಂದು ಮುದ್ದೆ ಇಳಿಸಿ, "ಡಾಕ್ಟ್ರೂ ಬಂದವ್ರಾ? ಎಲ್ಲವ್ರೆ? ಕರೀರಿ, ಇಲ್ಲೇ ಜಾಗ ಐತೆ" ಅಂದರು. ಮಾರನೆಯ ದಿನ ಸೂಪರ್‌ವೈಸರ್ ರಜೆ ಹಾಕಿದ್ದರು.

ಇನ್ನೊಮ್ಮೆ ಸರ್ಜಾಪುರದಲ್ಲಿ ನೆಂಟರ ಮದುವೆ. ಅಕ್ಕಪಕ್ಕದಲ್ಲೇ ಎರಡು ಛತ್ರ. ಮಾವ ತಪ್ಪಿ ಪಕ್ಕದ ಛತ್ರಕ್ಕೆ ನುಗ್ಗಿದರು. ಯಾರದೋ ಮದುವೆ, ಯಾರೋ ಜನ, ಒಂದು ಮುಖವಾದರೂ ಪರಿಚಯವಿರಬೇಕಲ್ಲ? ಬೇರೆಯವರಾಗಿದ್ದರೆ ನಾಲಿಗೆ ಕಚ್ಚಿಕೊಂಡು ಹೊರಗೆ ಬರುತ್ತಿದ್ದರು. ಮಾವನ ಕಣ್ಣಿಗೆ ಬಿದ್ದದ್ದು ಜನರಲ್ಲ, ಖಾಲಿ ಎಲೆಗಳು! ಪಂಕ್ತಿಯ ಮೇಲೆ ಪಂಕ್ತಿ ಏಳುವವರೆಗೂ ಅಲ್ಲೇ ಓಡಾಡಿ, ಬಡಿಸುವವರನ್ನು ಗದರಿಸಿ, ಮುದುಕಿಯರಿಗೆ ಪಾಯಸ ಹೆಚ್ಚಿಗೆ ಹಾಕಿಸಿದರು. ಹೆಣ್ಣಿನ ಕಡೆಯವರು ಇವರನ್ನು ಗಂಡಿನ ದೊಡ್ಡಪ್ಪ ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ದೊಡ್ಡಪ್ಪ ಅಂದುಕೊಂಡರು. ಕೊನೆಗೆ ಎರಡೂ ಕಡೆಯವರು ಸೇರಿ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಕಳಿಸಿದರು. ನಮ್ಮ ಛತ್ರಕ್ಕೆ ಅವರು ಬರುವ ಹೊತ್ತಿಗೆ ಇಲ್ಲಿ ಪಾತ್ರೆ ತೊಳೆಯುತ್ತಿದ್ದರು. "ಎಲ್ಲಿಗೆ ಹೋಗಿದ್ರಿ ಮಾವ?" ಎಂದರೆ, "ಬಾಳ ಒಳ್ಳೆ ಜನ ಕಣಪ್ಪ. ಆದ್ರೆ ಎಣ್ಣು ಯಾಕೋ ನಮ್ಮುಡ್ಗಿ ತರ ಕಾಣ್ನಿಲ್ಲ" ಎಂದರು.

ಇಷ್ಟೆಲ್ಲ ಹೇಳಿ ಅತ್ತೆಯ ವಿಷಯ ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಮಾವನ ಉಪಚಾರಕ್ಕೆಲ್ಲ ಸರಬರಾಜು ಆಗುವುದು ಅತ್ತೆಯ ಅಡುಗೆಮನೆಯಿಂದಲೇ. ಹಜಾರದಲ್ಲಿ ಮಾವ "ಆಕು, ಇನ್ನೂ ಆಕು" ಎಂದು ಗರ್ಜಿಸಿದಷ್ಟೂ ಒಳಗೆ ಅತ್ತೆ ಬೆವರು ಒರೆಸಿಕೊಂಡು ಮುದ್ದೆ ಕಟ್ಟುತ್ತಿರುತ್ತಾರೆ. ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಟ್ಟೆಗೆ ಹಾಕಿಕೊಂಡು, ಒಲೆಯ ಪಕ್ಕದಲ್ಲಿ ನಿಂತೇ ಊಟ ಮುಗಿಸುತ್ತಾರೆ. ನೆಂಟರ ಮನೆಗಳ ಮದುವೆಗೆ ಹೋದರೂ ಅಷ್ಟೇ. ಅತ್ತೆ ಹಿತ್ತಲಿನಲ್ಲಿ ಒಲೆಯ ಹತ್ತಿರ, ಮಾವ ಮುಂದುಗಡೆ ಪಂಕ್ತಿಯ ಹತ್ತಿರ.

ಅತ್ತೆಗೆ ಮಂಡಿ ನೋವು ಜೋರಾದ ಕಾಲಕ್ಕೆ ನಾನು ದೊಡ್ಡನೆಕ್ಕುಂದಿಯ ಅವರ ಮನೆಗೆ ಹೋಗಿದ್ದೆ. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಅತ್ತೆ ನನ್ನನ್ನು ಕರೆದರು. "ನಂದೊಂದು ಆಸೆ ಐತೆ ಕಣಪ್ಪ, ನಗಬ್ಯಾಡ. ಒಂದ್ಸಲ ನಾನು ಕೂತ್ಕಂಡಿರ್ಬೇಕು. ಯಾರಾನ ಬಂದು ನನ್ ತಟ್ಟೆಗೆ ಬಡಿಸ್ಬೇಕು. ಊಟ ಮುಗಿಯೋಗಂಟ ನಾನು ಏಳ್ಬಾರ್ದು."

"ಅಷ್ಟೇ ತಾನೆ ಅತ್ತೆ? ಎಲ್ಲಿಗೆ ಹೋಗೋಣ ಹೇಳಿ."

"ರಿಂಗ್ ರೋಡಲ್ಲಿ ಅದ್ಯಾವ್ದೋ ಟರ್ಕಿ ಓಟ್ಲು ಐತಲ್ಲ, ಅಲ್ಲಿಗೆ."

ನಾನು ಬೆಚ್ಚಿಬಿದ್ದೆ. ಬೆಂಗಳೂರಿನಲ್ಲಿ ಇರುವ ಹೋಟೆಲುಗಳನ್ನೆಲ್ಲ ಬಿಟ್ಟು ಟರ್ಕಿ ಹೋಟೆಲೇ ಯಾಕೆ? ಕಾರಣವಿತ್ತು. ಆ ಹೋಟೆಲು ಇರುವ ಗಾಜಿನ ಕಟ್ಟಡ ನಿಂತಿರುವುದು ಅವರದೇ ಹಳೆಯ ಅವರೆ ಹೊಲದಲ್ಲಿ. ಹೊಲ ಕೈಬಿಟ್ಟು ವರ್ಷಗಳಾಗಿದ್ದವು. "ಆ ಒಲದಾಗೆ ಕಳೆ ಕಿತ್ತೂ ಕಿತ್ತೂ ನನ್ ಸೊಂಟ ಓಯ್ತು. ಅಲ್ಲೇ ಕೂತ್ಕಂಡು ಒಂದ್ಸಲ ಉಂಡ್ಬುಡ್ತೀನಿ" ಎಂದರು ಅತ್ತೆ. ಇದಕ್ಕೆ ಯಾರು ಇಲ್ಲ ಅನ್ನಲಾದೀತು?

ಮಾವ ಮಾತ್ರ ಅಂದರು. "ಟರ್ಕಿ ಟವಲ್ಲು ಕೇಳಿವ್ನಿ, ಟರ್ಕಿ ಊಟ ಅಂತ ಯಾವನು ಯೋಳ್ದ ನಿಂಗೆ?" ಆದರೆ ಅದು ನಮ್ಮ ಹೊಲದ ಜಾಗ ಎಂದು ಅತ್ತೆ ಅಂದ ಕೂಡಲೇ ಮೆತ್ತಗಾದರು. ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರಟು, ಹೆಗಲಿಗೆ ಟವೆಲು, ಬೆರಳಿಗೆ ಉಂಗುರ, ಹೀಗೆ ಮದುವೆಗೆ ಹೊರಟವರ ಹಾಗೆ ತಯಾರಾದರು. ಅತ್ತೆ ಬೀರುವಿನಲ್ಲಿ ಮಡಚಿಟ್ಟಿದ್ದ ರೇಷ್ಮೆ ಸೀರೆ ಉಟ್ಟರು. ಲಿಫ್ಟು ಮೇಲಕ್ಕೆ ಹೊರಟಾಗ ಮಾವ ಗೋಡೆ ಹಿಡಿದುಕೊಂಡು, "ಇಲ್ಲೇ ಕಣೋ ನಮ್ ಬಾವಿ ಇದ್ದಿದ್ದು! ಆಗ ಬಾವಿಗೆ ಇಳಿಯೋಕೆ ಎದರ್ಕಂತಿದ್ದೆ, ಈಗ ಅತ್ತೋಕೂ ಎದ್ರಿಕೆ ಆಯ್ತದೆ" ಎಂದರು.

ಹೋಟೆಲಿನ ಬಾಗಿಲಲ್ಲಿ "ಬನ್ನಿ" ಅನ್ನುವವರು ಒಬ್ಬರೂ ಇರಲಿಲ್ಲ. ಮಾವನಿಗೆ ಆಗಲೇ ಮುಖ ಬಿಗಿಯಿತು. ನಾವೇ ಒಂದು ಮೇಜು ಹುಡುಕಿ ಕೂತೆವು. ಬಹಳ ಹೊತ್ತಾದ ಮೇಲೆ ಕುಚ್ಚು ಇಳಿಬಿದ್ದ ಕೆಂಪು ಟೋಪಿ, ಜರಿಯ ಅಂಗಿ ತೊಟ್ಟ ಒಬ್ಬ ವೇಟರು ಬಂದು, ಗೋಡೆ ನೋಡುತ್ತಾ "ವೆಲ್‌ಕಮ್ ಸರ್" ಅಂದ. ಮಾವನಿಗೆ ಟೋಪಿಯ ಮೇಲೆ ಗೌರವ ಹುಟ್ಟಿತು.

"ತಾವು ಟರ್ಕೀಲಿ ಯಾವ ಕಡೆಯೋರು?"

ಅವನು ಮ್ಯಾನೇಜರ್ ಇದ್ದ ಕಡೆ ಕಳ್ಳನೋಟ ಹಾಕಿ, ಬಗ್ಗಿ, ಮೆಲ್ಲಗೆ ಹೇಳಿದ: "ಬಾಗಲಕೋಟಿ ಕಡೇವ್ನ್ರೀ."

ನಾನು ಮೆನು ಓದಿ ಒಂದೊಂದೇ ಹೇಳಿದೆ. ಪ್ರತಿಯೊಂದಕ್ಕೂ ಅವನದು ಒಂದೇ ಉತ್ತರ: "ಅದು ಖಾಲಿ ಆಗೇತ್ರಿ." ಮಾವನಿಗೆ ತಡೆಯಲಾಗಲಿಲ್ಲ. "ಇರಾದೇನು ಅದ್ನಾನ ಯೋಳಪ್ಪ!" ಅಂದರು. "ಅದನ್ನ ನಾವು ಹೇಳಾಂಗಿಲ್ರಿ, ನೀವ ಆರ್ಡರ್ ಮಾಡಬೇಕ್ರಿ" ಎಂದ ಪುಣ್ಯಾತ್ಮ! ಹೇಗೋ ಕೈಗೆ ಸಿಕ್ಕ ನಾಲ್ಕು ಹೆಸರಿಗೆ ಬೆರಳಿಟ್ಟು ತೋರಿಸಿದೆ.

ಮೊದಲು ಬಂದದ್ದು ಬಟ್ಟಲಿನಲ್ಲಿ ಕಡಲೆಕಾಳು ರುಬ್ಬಿದ ಬಿಳಿಯ ಮುದ್ದೆ. ಮಾವ ಬೆರಳಿನಿಂದ ನೆಕ್ಕಿ ನೋಡಿ ನಿಟ್ಟುಸಿರುಬಿಟ್ಟರು. "ಪಾಪ, ಬಸ್ಸಾರಿಗೆ ಕಾಳು ರುಬ್ಬವ್ರೆ, ಸಾರು ಕಾಸೋದು ಮರ್ತವ್ರೆ. ವಾಪಸ್ ಕಳ್ಸು, ಒಗ್ಗರಣೆನಾರ ಆಕ್ಕಂಡ್ ಬರ್ಲಿ." ಆಮೇಲೆ ಬಂದ ರೊಟ್ಟಿ ಎಳೆದರೂ ಹರಿಯಲಿಲ್ಲ. ಮಾವ ಅದನ್ನು ಹಲ್ಲಿಗೆ ಕೊಟ್ಟು ಸೋತು, "ಇದ್ಕಿಂತ ಟವಲ್ಲೇ ಮೆತ್ಗಿರ್ತಿತ್ತು" ಅಂದರು. ಕೊನೆಗೆ ಉದ್ದನೆಯ ತಟ್ಟೆಯಲ್ಲಿ ಅನ್ನ, ಅದರ ಮೇಲೆ ಕಡ್ಡಿಗೆ ಮೆತ್ತಿ ಸುಟ್ಟ ಮಾಂಸದ ಕೈಮ ಬಂತು. ಎರಡೂ ತಣ್ಣಗಾಗಿದ್ದವು. ವೇಟರು ಅದನ್ನು ಮೇಜಿನ ತುದಿಯಲ್ಲಿಟ್ಟು ಮಾಯವಾದ. ನೀರಿಲ್ಲ, ಬಡಿಸಲು ಚಮಚವಿಲ್ಲ. ಅಷ್ಟು ದೊಡ್ಡ ಹಾಲಿಗೆ ಇದ್ದವನು ಅವನೊಬ್ಬನೇ, ಯಾರಿಗೆ ಅಂತ ಓಡಿಯಾನು?

ಅತ್ತೆ ಸೆರಗು ಸರಿಮಾಡಿಕೊಂಡು, ಖಾಲಿ ತಟ್ಟೆಯ ಮುಂದೆ ನೆಟ್ಟಗೆ ಕೂತಿದ್ದರು. ಅಭ್ಯಾಸಬಲ ನೋಡಿ, ಅನ್ನದ ತಟ್ಟೆ ಕಂಡ ತಕ್ಷಣ ನಮಗೆ ಬಡಿಸಲು ಅರ್ಧ ಎದ್ದೇಬಿಟ್ಟರು! ಮತ್ತೆ ನೆನಪಾಗಿ ಕೂತರು. ನಾನು ಅವರ ತಟ್ಟೆಗೆ ಬಡಿಸಲು ಹೋದೆ. "ನೀನ್ ಬ್ಯಾಡ ಕಣಪ್ಪ, ನೀನು ನೆಂಟ. ಇರ್ಲಿ, ಬಡಿಸೋರು ಬರ್ತಾರೆ" ಎಂದರು. ಬಡಿಸುವವರನ್ನು ಎಳೆದುಕೊಂಡೇ ಬರುತ್ತೇನೆ ಎಂದು ಮಾವ ಎದ್ದರು.

ಎದ್ದದ್ದೇ ತಪ್ಪಾಯಿತು. ಪಕ್ಕದ ಮೇಜಿನಲ್ಲಿ ಕೊರಳಿಗೆ ಆಫೀಸಿನ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಖಾಲಿ ತಟ್ಟೆ ನೋಡುತ್ತಾ ಕೂತಿದ್ದರು. ಖಾಲಿ ತಟ್ಟೆ! ಮಾವ ಅಲ್ಲೇ ನಿಂತರು.

"ಏನ್ರಪ್ಪಾ, ಇನ್ನೂ ಏನೂ ತಂದಿಲ್ವಾ?"

"ಇಲ್ಲ ಅಂಕಲ್, ಆಗಿಂದ ಕಾಯ್ತಾನೇ ಇದೀವಿ."

"ನಮ್ಮೊಲಕ್ಕೆ ಬಂದೋರು ಅಸ್ಕಂಡು ಓಗೋದಾ!" ಎಂದು ಮಾವ ಟವೆಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಬಿಗಿದರು. ಅದರ ಅರ್ಥ ನನಗೆ ಗೊತ್ತಿತ್ತು. ಇನ್ನು ಅವರನ್ನು ಪೊಲೀಸರು ಬಂದರೂ ನಿಲ್ಲಿಸಲಾರರು.

ಸೀದಾ ಅಡುಗೆಮನೆಯ ಬಾಗಿಲಿಗೆ ಹೋದರು. ಗಲ್ಲಾದಲ್ಲಿ ಫೋನು ಒತ್ತುತ್ತಾ ಕೂತಿದ್ದ ಮ್ಯಾನೇಜರ್ ತಲೆ ಎತ್ತಿ, "ಹಲೋ, ಯಾರ್ರೀ ನೀವು?" ಎಂದ.

"ನಾನಾ? ಈ ಜಾಗದೋನು."

ನಮ್ಮ ಕಡೆ ಬಿಳಿ ಪಂಚೆಯ ವಯಸ್ಸಾದ ಒಬ್ಬರು ಉಂಗುರದ ಕೈ ಸೊಂಟಕ್ಕಿಟ್ಟು ಈ ಮಾತು ಹೇಳಿದರೆ ಅದಕ್ಕೆ ಒಂದೇ ಅರ್ಥ. ಮ್ಯಾನೇಜರ್ ಧಡಕ್ಕನೆ ಎದ್ದು ನಿಂತ. "ಸಾರಿ ಸಾರ್! ಬಿಲ್ಡಿಂಗ್ ಓನರ್ ಅಂತ ಗೊತ್ತಾಗ್ಲಿಲ್ಲ ಸಾರ್! ಕೂತ್ಕೊಳಿ ಸಾರ್!" ನಿಜವಾದ ಓನರ್ ಯಾರೋ, ಎಲ್ಲಿದ್ದಾರೋ. ಮಾವನಿಗೆ ಈ ಗೊಂದಲ ತಿಳಿಯಲೇ ಇಲ್ಲ. "ಕೂರೋದಿರ್ಲಿ, ಸೌಟು ಎಲ್ಲೈತೆ?" ಅಂದರು.

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ! ಅನ್ನದ ತಟ್ಟೆ ಹಿಡಿದು ಮಾವ ಮುಂದೆ, ಟೋಪಿ ಕಿತ್ತು ಜೇಬಿಗೆ ತುರುಕಿಕೊಂಡ ಬಾಗಲಕೋಟೆಯವನು ರೊಟ್ಟಿಯ ಬುಟ್ಟಿ ಹಿಡಿದು ಹಿಂದೆ, ನೀರಿನ ಜಗ್ಗು ಹಿಡಿದು ಮ್ಯಾನೇಜರ್ ಅವನ ಹಿಂದೆ! ಹಾಲಿನ ತುಂಬ ಮಾವನದೇ ಸದ್ದು. "ಇದೇನ್ ಊಟ, ಗುಬ್ಬಿ ತಿಂದಂಗೆ?" "ಬ್ಯಾಡ ಅನ್ಬಾರ್ದು ಕಣಮ್ಮ, ದೂರದಿಂದ ಬಂದಿದೀರ!" ತೆಳ್ಳಗಿನ ಒಬ್ಬ ಹುಡುಗಿ ತಟ್ಟೆ ಪಕ್ಕಕ್ಕೆ ಎಳೆದುಕೊಂಡು, "ಅಂಕಲ್, ನಂಗೆ ಕಾರ್ಬ್ಸ್ ಬೇಡ" ಎಂದಳು. "ಅಯ್ಯೋ, ಅದನ್ಯಾಕೆ ಆಕ್ಲವ್ವ, ಇದು ಬರೀ ಅನ್ನ" ಎಂದು ಎರಡು ಸೌಟು ಹಾಕಿಯೇಬಿಟ್ಟರು. ಸಪ್ಪೆ ಮುಖ ಮಾಡಿಕೊಂಡು ಕೂತಿದ್ದ ಜನ ಮೇಜಿನಿಂದ ಮೇಜಿಗೆ ನಗತೊಡಗಿದರು.

ನನಗೂ ನಕ್ಕು ನಕ್ಕು ಹೊಟ್ಟೆ ನೋವು ಬಂತು. ನಗುತ್ತಲೇ ಅತ್ತೆಯ ಕಡೆ ತಿರುಗಿದೆ. ಅವರ ತಟ್ಟೆ ಇನ್ನೂ ಖಾಲಿಯೇ ಇತ್ತು. ಅತ್ತೆ ಕಣ್ಣರಳಿಸಿಕೊಂಡು ಮಾವನನ್ನೇ ನೋಡುತ್ತಿದ್ದರು. "ಊಟಕ್ಕೆ ಕೂತೋರ ಕುಟೆ ಇವ್ರು ಇಂಗೆ ಮಾತಾಡ್ತಾರಾ?" ಎಂದು ನನ್ನನ್ನು ಕೇಳಿದರು. ಇಷ್ಟು ವರ್ಷ ಒಲೆಯ ಮುಂದೆ ನಿಂತು ಅತ್ತೆಗೆ ಕೇಳಿಸುತ್ತಿದ್ದದ್ದು ಬರೀ "ಆಕು, ಆಕು" ಅನ್ನುವ ಕೂಗು. ಗಂಡ ಹೀಗೆ ಬಗ್ಗಿ, ನಕ್ಕು, ಕೊಂಡಾಡಿ ಬಡಿಸುವುದನ್ನು ಅವರು ಕಂಡೇ ಇರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಮಾವ ಸುತ್ತು ಹಾಕುತ್ತಾ ಹಾಕುತ್ತಾ ನಮ್ಮ ಮೇಜಿಗೂ ಬಂದರು. ಉಪಚಾರದ ಅಮಲಿನಲ್ಲಿ ಅವರ ಕಣ್ಣಿಗೆ ಕಾಣುವುದು ತಟ್ಟೆ ಮಾತ್ರ, ಮುಖವಲ್ಲ. ಅದೇ ದೊಡ್ಡ ದನಿಯಲ್ಲಿ ಶುರುಮಾಡಿದರು. "ಏನಮ್ಮಾ ಇದು, ತಾವು ಏನೂ ಆಕಿಸ್ಕಂಡೇ ಇಲ್ಲ! ಅಂಗೆಲ್ಲ ಬ್ಯಾಡ ಅನ್ಬಾರ್ದು..."

ಅತ್ತೆ ತಲೆ ಎತ್ತಿ ನೋಡಿದರು.

"ನಾನು ಯಾವತ್ ಬ್ಯಾಡ ಅಂದೆ? ನೀವು ಕೇಳಿದ್ರೆ ತಾನೆ?"

ಅತ್ತೆಯ ದನಿಯಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಮಾವ ಸೌಟು ಹಿಡಿದು ನಿಂತೇ ಇದ್ದರು. ಹಿಂದಿದ್ದ ಬಾಗಲಕೋಟೆಯವನು, "ನಾ ಹಾಕ್ತೀನಿ ಬಿಡ್ರಿ ಯಜಮಾನ್ರ" ಎಂದು ಕೈ ಚಾಚಿದ. ಮಾವ ಬೇಡ ಎಂದು ತಲೆಯಾಡಿಸಿದರು. ಹೆಂಡತಿಯ ಪಕ್ಕಕ್ಕೆ ಬಂದು ನಿಂತು, ನಮ್ಮ ಮೇಜಿನ ಮೇಲಿದ್ದ ತಟ್ಟೆಯಿಂದಲೇ ಮೆಲ್ಲಗೆ ಅನ್ನ ಬಡಿಸಿದರು. ನಾಲ್ಕು ಅಗುಳು ಸೀರೆಯ ಮೇಲೆ ಬಿದ್ದವು. ಕಡ್ಡಿಯಿಂದ ಕೈಮ ಬಿಡಿಸಿ ತಟ್ಟೆಯ ಅಂಚಿಗಿಟ್ಟರು. ಮ್ಯಾನೇಜರ್ ಕೈಯಿಂದ ಜಗ್ಗು ತೆಗೆದುಕೊಂಡು ಲೋಟಕ್ಕೆ ನೀರು ತುಂಬಿದರು. ಆಮೇಲೂ ಕೂರಲಿಲ್ಲ, ಅಲ್ಲೇ ನಿಂತರು.

ಅತ್ತೆ ಅನ್ನಕ್ಕೆ ಕೈಮ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಆ ಅನ್ನ ತಣ್ಣಗೆ ಅಂಟಾಗಿತ್ತು. ಆ ಕೈಮಕ್ಕೆ ಉಪ್ಪಿರಲಿಲ್ಲ. ನಾನು ತಿಂದು ನೋಡಿದ್ದೆ.

"ಎಂಗೈತೆ?" ಮಾವ ಕೇಳಿದರು. ಆ ದನಿ ಪಕ್ಕದ ಮೇಜಿಗೂ ಕೇಳಿಸಿರಲಾರದು.

"ಬಾಳ ಸೆಂದಾಗೈತೆ. ಇನ್ನೊಂಚೂರು ಆಕಿ" ಎಂದರು ಅತ್ತೆ.