ಮಾವನ ಮನೆಯ ಟಾಕಿಯಲ್ಲಿ ಸಮುದ್ರದ ತಳ

ಕಣ್ಣಿಂದ ಕಂಡದ್ದನ್ನೇ ಕಲಿಸಬೇಕು ಎಂಬ ನಿಯಮವೇನಾದರೂ ಇದ್ದಿದ್ದರೆ, ಸ್ವರ್ಗ-ನರಕಗಳ ಮೇಲೆ ಪ್ರವಚನ ಮಾಡುವವರೆಲ್ಲ ಎಂದೋ ಬಾಯಿ ಮುಚ್ಚಿಕೊಂಡು ಕೂಡಬೇಕಾಗಿತ್ತು. ಆ ಧೈರ್ಯದ ಮೇಲೆಯೇ ನಾನು ಎಪ್ಪತ್ತರ ದಶಕದುದ್ದಕ್ಕೂ ಸೋಲಾಪುರದ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕನಾಗಿ ಆಳಸಮುದ್ರದ ತಳವನ್ನು ಕಲಿಸಿದೆ. ತಳ ಹಾಗಿರಲಿ, ಸಮುದ್ರದ ದಂಡೆಯನ್ನೂ ನಾನು ನೋಡಿರಲಿಲ್ಲ. ಬೇಸಿಗೆಯಲ್ಲಿ ಒಂದೇ ಕೊಡ ನೀರಿನಲ್ಲಿ ಸ್ನಾನ ಮುಗಿಸಿ ಬಂದ ಹುಡುಗರ ಮುಂದೆ ನಿಂತು ಮೈಲುಗಟ್ಟಲೆ ಆಳದ ನೀರನ್ನು ವರ್ಣಿಸುವಾಗ ನನಗೇ ಬಾಯಿ ಒಣಗುತ್ತಿತ್ತು. ಹುಡುಗರು ಪಾಪ, ಬರೆದುಕೊಳ್ಳುತ್ತಿದ್ದರು. ಅವರೂ ನೋಡಿರಲಿಲ್ಲವಲ್ಲ.

ಕಾಲೇಜಿನಲ್ಲಿ ಸಲೀಸಾಗಿ ನಡೆದ ಈ ವಿದ್ಯೆ ಅಕ್ಕಲಕೋಟೆಯಲ್ಲಿದ್ದ ನನ್ನ ಹೆಂಡತಿಯ ತವರಿನಲ್ಲಿ ನಡೆಯಲಿಲ್ಲ. ಅಲ್ಲಿಯ ಹಿರಿಯ ಅಳಿಯ, ಎಂದರೆ ನನ್ನ ಷಡ್ಡಕರು, ಮಂಗಳವೇಢೆಯಲ್ಲಿ ವಕೀಲರು. ಅವರು ಊಟಕ್ಕೆ ಕೂತರೆ ಅತ್ತೆಯ ಕೈಯಲ್ಲಿನ ತುಪ್ಪದ ಗಿಂಡಿ ತಾನಾಗಿ ಬಗ್ಗುತ್ತಿತ್ತು. ನನ್ನ ಹತ್ತಿರ ಬರುವಷ್ಟರಲ್ಲಿ ಅದಕ್ಕೆ ಏನೋ ನೆನಪಾಗಿ ನೆಟ್ಟಗಾಗುತ್ತಿತ್ತು. ನನಗೆ ತುಪ್ಪದ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ, ಸಣ್ಣ ಅಳಿಯನ ವಿದ್ಯೆಯಿಂದಲೂ ಏನೋ ಉಪಯೋಗವಿದೆ ಎಂಬ ಒಂದೇ ಒಂದು ಮಾತನ್ನು ಆ ಮನೆಯಲ್ಲಿ ಕೇಳಬೇಕೆಂದು ಜೀವ ಬಿಡುತ್ತಿದ್ದೆ. ಹೆಂಡತಿಗೂ ಅದೇ ಆಸೆ. ವಕೀಲನನ್ನು ಕಟ್ಟಿಕೊಂಡ ಅಕ್ಕನ ಬೆನ್ನಿಗೆ ಹುಟ್ಟಿದವಳ ಕಷ್ಟ ಅವಳಿಗೇ ಗೊತ್ತು.

ಒಂದು ವರ್ಷ ಅಧಿಕ ಮಾಸ ಮಳೆಗಾಲದಲ್ಲೇ ಬಂತು. ಅಧಿಕ ಮಾಸದಲ್ಲಿ ನಮ್ಮ ಕಡೆ ಅಳಿಯನನ್ನು ಕರೆಸಿ, ಜಾವಯಿಬಾಪು ಎನ್ನುತ್ತ ಮಣೆಯ ಮೇಲೆ ಕೂಡಿಸಿ, ಅಕ್ಕಿ-ಬೆಲ್ಲದ ಅನಾರಸ ಕರಿದು ಕೊಟ್ಟು ಸಾಕ್ಷಾತ್ ವಿಷ್ಣುವಿನ ಹಾಗೆ ಕಾಣುತ್ತಾರೆ. ವಿಷ್ಣುವಿಗಿರುವ ಅನುಕೂಲವೆಂದರೆ ಅವನನ್ನು ಯಾರೂ "ನೌಕರಿ ಪರ್ಮನೆಂಟ್ ಆತೇನ್ರಿ?" ಎಂದು ಕೇಳುವುದಿಲ್ಲ. ಕೋರ್ಟಿನಲ್ಲಿ ಕಾರಕೂನರಾಗಿ ನಿವೃತ್ತರಾಗಿದ್ದ ಮಾವ ಪತ್ರಾವಳಿಯ ಮುಂದೆ ಅದನ್ನೂ ಕೇಳಿ ಮುಗಿಸಿ, "ಅಲ್ರೀ ಜಾವಯಿಬಾಪು, ಸಮುದ್ರದ ತಳದಾಗ ಕಲಸೂವಂಥಾದ್ದು ಏನದ? ಎಲ್ಲಾ ಕಡೆ ಕೆಸರ ಅಲ್ಲೇನು?" ಎಂದರು.

ನನಗೆ ಬೇಕಾಗಿದ್ದೂ ಅದೇ. ಅನ್ನವನ್ನು ಒತ್ತಿ ಎಲೆಯ ಮೇಲೆ ಅಡ್ಡಲಾಗಿ ಒಂದು ದಿಬ್ಬ ಮಾಡಿದೆ. "ನೋಡ್ರಿ ಮಾಮಾ, ತಳ ಸಪಾಟ ಇರೂದಿಲ್ಲ. ಗುಡ್ಡ ಇರ್ತಾವ, ತಗ್ಗ ಇರ್ತಾವ. ಕೆಸರು ಕೂಡಿದ ನೀರು ತಿಳಿನೀರಿಗಿಂತ ಭಾರ. ಅದು ತಳಾ ಹಿಡದು ಇಳಕಲ ಕಡೆ ಹರದು ತಗ್ಗಿನ್ಯಾಗ ಕೂಡ್ತದ. ಗುಡ್ಡ ಅಡ್ಡ ಬಂತಂದ್ರ ಅಲ್ಲೇ ನಿಂತು ಕೆಸರು ಇಳಸ್ತದ," ಎಂದು ದೊನ್ನೆಯ ಸಾರನ್ನು ದಿಬ್ಬದ ಒಂದು ಬದಿಗೆ ಸುರಿದೆ. ಬೇಳೆಯೆಲ್ಲ ಈ ಕಡೆಗೆ ಉಳಿಯಿತು. ಬರೀ ತಿಳಿ ಆ ಕಡೆ ಜಿನುಗಿ, ಎಲೆಯ ಸಂದಿಯಿಂದ ನೆಲದ ಕಲ್ಲುಫರಸಿಗೆ ಇಳಿದು, ಫರಸಿಯ ಇಳಿಜಾರು ಹಿಡಿದು ಮಾವನ ಧೋತರ ಸೇರಿತು. "ಊಟದಾಗೂ ಸಾಲೀನ ಏನ್ರಿ?" ಎಂದು ಹೆಂಡತಿ ಬಾಗಿಲ ಸಂದಿಯಿಂದ ಕಣ್ಣು ಬಿಟ್ಟಳು.

ಆದರೆ ಮಾವ ಧೋತರ ಒರೆಸಿಕೊಳ್ಳುವುದನ್ನು ಬಿಟ್ಟು ವಿಚಾರಕ್ಕೆ ಬಿದ್ದಿದ್ದರು. ಅವರ ಹಿತ್ತಲಲ್ಲಿ ಕಲ್ಲಿನದೊಂದು ನೀರಿನ ಟಾಕಿ. ಮಳೆಗಾಲದಲ್ಲಿ ಬಾವಿಯ ನೀರು ಕರಿಮಣ್ಣು ಕೂಡಿ ಬಗ್ಗಡವಾಗುತ್ತಿತ್ತು. ಅದನ್ನು ಟಾಕಿಯ ಒಂದು ತುದಿಗೆ ಸುರಿಯುವುದು, ಇನ್ನೊಂದು ತುದಿಯಲ್ಲಿ ಕೊಡ ಮುಳುಗಿಸಿ ತುಂಬಿಕೊಳ್ಳುವುದು. ಕೋಲು ಇಳಿಬಿಟ್ಟು ನೋಡಿದರೆ ತಳ ಕೊಡ ಮುಳುಗಿಸುವ ಕಡೆಗೇ ಇಳಿದಿತ್ತು. ಮಣ್ಣೆಲ್ಲ ಜಾರಿ ಬಂದು ಅಲ್ಲಿಯ ತಗ್ಗಿನಲ್ಲೇ ಆರಾಮಾಗಿ ಕೂತಿತ್ತು. ಅತ್ತೆ ಇಷ್ಟು ವರ್ಷ ಇದಕ್ಕಾಗಿ ಮಳೆರಾಯನನ್ನೂ ಮಾವನನ್ನೂ ಸರತಿಯಲ್ಲಿ ಬೈದದ್ದು ವ್ಯರ್ಥವಾಗಿತ್ತು. ನಾನು ಟಾಕಿ ಖಾಲಿ ಮಾಡಿಸಿ ತೊಳೆಸಿ, ಗೌಂಡಿಯನ್ನು ಕರೆಸಿ ತಳದ ನಡುವೆ ಅಡ್ಡಲಾಗಿ ಗೇಣೆತ್ತರದ ದಿಬ್ಬ ಕಟ್ಟಿಸಿದೆ. ವಾರ ಬಿಟ್ಟು ಹೋಗಿ ನೋಡಿದರೆ ದಿಬ್ಬದ ಆಚೆಯ ನೀರಿನಲ್ಲಿ ತಳದ ಕಲ್ಲು ಕಾಣುತ್ತಿತ್ತು! ನಿಜ ಹೇಳುತ್ತೇನೆ, ನನಗೇ ಗಾಬರಿಯಾಯಿತು. ಅತ್ತೆ ತಂಬಿಗೆಯಲ್ಲಿ ಹಣಿಕಿ ನೋಡಿ, ಆಮೇಲೆ ನನ್ನ ಮುಖ ನೋಡಿ, ತಂಬಿಗೆ ಹಿಡಿದು ಒಳಗೆ ಹೋದರು.

ಸಮುದ್ರದ ತಗ್ಗು ತುಂಬಲು ಲಕ್ಷಾಂತರ ವರ್ಷ ಬೇಕು. ಟಾಕಿಯದು ದಸರೆಗೆ ಮೊದಲೇ ತುಂಬಿತು. ಹಿಂದೆ ಆ ಮಣ್ಣು ದಿನಕ್ಕಿಷ್ಟರಂತೆ ಕೊಡದಲ್ಲಿ ಹೋಗಿ, ಸಾರಿನ ಮೂಲಕ ಬಂಧುಬಳಗದ ಹೊಟ್ಟೆ ಸೇರಿ ಸದ್ದಿಲ್ಲದೆ ವಿಲೇವಾರಿಯಾಗುತ್ತಿತ್ತು. ಈಗ ಎಲ್ಲ ಒಂದೇ ಕಡೆ ಗುಡ್ಡೆಬಿದ್ದಿತ್ತು. ಮಾವ ನನ್ನನ್ನು ಕರೆಸಿ, "ಬ್ಯಾರೆ ಮಂದಿ ಇಳದ್ರ ನಿಮ್ಮ ಗುಡ್ಡ ಒಡದಾರು. ಅದರ ಶಾಸ್ತ್ರ ನಿಮಗಷ್ಟ ಗೊತ್ತು," ಎಂದು ವಿನಯದಿಂದ ಬುಟ್ಟಿ, ಸಲಿಕೆ ಕೈಗಿತ್ತರು. ಬೆಲ್‌ಬಾಟಮ್ ಪ್ಯಾಂಟನ್ನು ಮೊಣಕಾಲ ಮೇಲೆ ಮಡಚಿ, ನೀರು ಖಾಲಿ ಮಾಡಿದ್ದ ಟಾಕಿಗೆ ಇಳಿದೆ. ಸರಿಯಾಗಿ ಅದೇ ಹೊತ್ತಿಗೆ ವಕೀಲ ಸಾಹೇಬರು ಎಸ್.ಟಿ. ಬಸ್ಸಿನಿಂದ ಇಳಿದು ಬಂದು, ಹಿತ್ತಲ ಕಟ್ಟೆಯ ಮೇಲೆ ಚಹಾ ಹಿಡಿದು ಕೂತು, "ಕಾಯ್ ಪ್ರೊಫೆಸರ್, ಪ್ರಾಕ್ಟಿಕಲ್ ನಡದದೇನು?" ಎಂದರು.

ಸಿಟ್ಟನ್ನೆಲ್ಲ ಸಲಿಕೆಗೆ ಹಾಕಿ ಮಣ್ಣನ್ನು ನೆಟ್ಟಗೆ ಕಡಿದೆ. ಕಡಿದವನು ಹಾಗೇ ನಿಂತುಬಿಟ್ಟೆ. ಕೆಳಗೆ ಉಸುಕು, ಮೇಲೆ ನುಣುಪು ಮಣ್ಣು, ಮತ್ತೆ ಉಸುಕು, ಮತ್ತೆ ನುಣುಪು ಮಣ್ಣು! ಪ್ರತಿ ಸಲ ನೀರು ಸುರಿದಾಗಲೂ ಭಾರವಾದದ್ದು ಮೊದಲು, ಹಗುರಾದದ್ದು ಆಮೇಲೆ ಇಳಿದಿತ್ತು. ವರ್ಷಗಟ್ಟಲೆ ನಾನು ಬೋರ್ಡಿನ ಮೇಲೆ ಬರೆದು ಅಳಿಸಿದ ಚಿತ್ರ ನನ್ನ ಕಾಲ ಬುಡದಲ್ಲಿ ನಿಜವಾಗಿ ಇತ್ತು. ಖುಷಿಗೆ ಕಣ್ಣಲ್ಲಿ ನೀರು ಬಂತು. "ಬರ್ರಿ, ಎಲ್ಲಾರೂ ಬಂದು ನೋಡ್ರಿ!" ಎಂದು ಕೂಗಿದೆ. ಬಂದವರು ಅತ್ತೆ ಒಬ್ಬರೇ. ಒಲೆ ಸಾರಿಸುವುದಕ್ಕೆ ಅವರಿಗೆ ಆ ನುಣುಪು ಮಣ್ಣು ಬೇಕಾಗಿತ್ತು.

ಬುಟ್ಟಿ ತುಂಬಿಕೊಂಡು ಅತ್ತೆ ಗೋಡೆಯಾಚೆಯ ನೆರೆಮನೆಯಾಕೆಗೆ ಹೇಳಿದರು: "ದೊಡ್ಡ ಜಾವಯಿ ಬಂದ್ರ ಬರೇ ಚಾ ಖರ್ಚು. ಇವ್ರು ಬಂದ್ರ ನೀರು ತಿಳಿ ಆಗ್ತದ ನೋಡ್ರಿ." ಕಟ್ಟೆಯ ಮೇಲೆ ವಕೀಲರ ಚಹಾ ಬಟ್ಟಲು ಬಾಯಿಗೆ ಹೋಗುವ ಅರ್ಧ ದಾರಿಯಲ್ಲೇ ನಿಂತಿತು. ಹೆಂಡತಿಯ ಮುಖ ಅರಳಿತು. ನನಗಂತೂ ಎದೆ ತುಂಬಿಬಂತು. ಅಷ್ಟರಲ್ಲಿ ನೆರೆಮನೆಯಾಕೆ, "ಹಂಗಿದ್ರ ನಾಳೆ ನಮ್ಮ ಟಾಕೀಗೂ ಕಳಸ್ರಿ ವೈನಿ," ಎಂದರು. "ಅದಕ್ಕೇನ್ರಿ, ಒಯ್ರಿ," ಎಂದು ಅತ್ತೆ, ಒನಕೆಯನ್ನು ಎರವಲು ಕೊಡುವಷ್ಟು ಸಲೀಸಾಗಿ ಒಪ್ಪಿಬಿಟ್ಟರು. ಅರಳಿದ್ದ ಹೆಂಡತಿಯ ಮುಖ ಕಪ್ಪಿಟ್ಟಿತು. ಬೇಡ ಅನ್ನಿರಿ ಎಂದು ಅವಳು ಕಣ್ಸನ್ನೆಯಲ್ಲೇ ಅಂಗಲಾಚಿದಳು. ಮಾನ-ಮರ್ಯಾದೆ ಇದ್ದ ಯಾವ ಅಧ್ಯಾಪಕನೂ ಖಡಾಖಡಿ ಆಗುವುದಿಲ್ಲ ಎನ್ನುತ್ತಿದ್ದ. ನಾನು ಟಾಕಿಯಿಂದ ತಲೆ ಹೊರಗೆ ಹಾಕಿ ನೆರೆಮನೆಯಾಕೆಯನ್ನು ಕೇಳಿದೆ:

"ನಿಮ್ಮ ಟಾಕಿ ತಳಾ ಯಾ ಕಡೆ ಇಳದದ್ರಿ, ಕಾಕು?"